ನೋಡಿದೆ, ಕಳಿಸಬಹುದು

ಆಗಸ್ಟ್ 5, 1957, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಅಪ್ಪ ಮೇಷ್ಟರಾಗಿದ್ದವರು, ಚಿಕ್ಕಂದಿನಲ್ಲಿ ದಿನಾ ನಾಲ್ಕು ಸಾಲು ಬರೆಸುತ್ತಿದ್ದರು. ಮದುವೆಯಾದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಹೇಳುವುದನ್ನೆಲ್ಲ ಕೇಳಿಸಿಕೊಳ್ಳಲು ಅವರಿದ್ದರು. ಈಗ ಮತ್ತೆ ಕಾಗದವೇ ಗತಿ.

ಕುರುಬರಹಳ್ಳಿಯಿಂದ ರಾಜಾಜಿನಗರದ ಕಾರ್ಖಾನೆಗೆ ನಡೆದೇ ಹೋದೆ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗಂಡ ಹೋಗಿ ಎರಡು ತಿಂಗಳೂ ತುಂಬಿಲ್ಲ, ಹೊರಟೇಬಿಟ್ಟಳಲ್ಲ ಎಂದು ಒಬ್ಬಳು ಅಂದಳು. ನೀವು ಬಂದು ನಮ್ಮ ಒಲೆ ಹಚ್ಚುತ್ತೀರಾ ಎಂದು ಕೇಳಬೇಕೆಂದು ಬಾಯಿ ತೆರೆದೆ, ಅತ್ತೆ ಹಿಂದಿನಿಂದ ಸೆರಗು ಜಗ್ಗಿದರು.

ಗೇಟಿನಲ್ಲಿ ಕಾವಲಿನವನು ಯಾರ ಮನೆಯವರು ಎಂದು ಕೇಳಿದ. ಬಿಲ್ಲೆ ನಂಬರು ಆರುನೂರ ಹದಿನಾಲ್ಕು ಎಂದೆ. ಹೆಸರು ಹೇಳಿ ಅಂದ. ಮತ್ತೆ ನಂಬರನ್ನೇ ಹೇಳಿದೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲೂ ಇಲ್ಲ, ಅವನ ಮನೆಯಲ್ಲೂ ಇರಲಾರದು. ಅರ್ಥವಾಯಿತೇನೋ, ಒಳಗೆ ಬಿಟ್ಟ.

ನಮ್ಮ ಮನೆಗೆ ಕಾಗದ ಕಳಿಸಿದ ಆ ಯಂತ್ರವನ್ನು ಕೊನೆಗೂ ಕಣ್ಣಾರೆ ಕಂಡೆ. ಒಂದೊಂದು ಆಳಿಗೂ ಒಂದೊಂದು ಗಟ್ಟಿ ಕಾರ್ಡು. ಬಂದ ದಿನ, ಬಾರದ ದಿನ, ಎಲ್ಲಕ್ಕೂ ಅದರಲ್ಲಿ ತೂತು. ಕಾರ್ಡುಗಳನ್ನು ಒಂದು ಕಡೆ ಹಾಕಿದರೆ ಟಕಟಕ ಎಂದು ಓಡಿಸಿ, ಹೇಳದೆ ಹತ್ತು ದಿನ ಬಾರದವರ ಕಾರ್ಡನ್ನೆಲ್ಲ ಬೇರೆ ಡಬ್ಬಿಗೆ ಉದುರಿಸುತ್ತದೆ. ಪಕ್ಕದ ಇನ್ನೊಂದು ಯಂತ್ರ ಅವರ ಹೆಸರು, ವಿಳಾಸವನ್ನು ಕಾಗದದ ಮೇಲೆ ಅಚ್ಚು ಹೊಡೆಯುತ್ತದೆ. ನಿಮ್ಮ ಹೆಸರನ್ನು ತೆಗೆದುಹಾಕಲಾಗಿದೆ, ಇತಿ. ಅದನ್ನು ಯಾರೂ ಓದುತ್ತಿರಲಿಲ್ಲವಂತೆ. ಮಡಿಸುವುದು, ಲಕೋಟೆಗೆ ಹಾಕುವುದು, ಅಂಚೆಗೆ ಕೊಡುವುದು, ಅಷ್ಟೇ.

ಜೂನ್ ತಿಂಗಳಲ್ಲಿ ಫ್ಲೂ ಜ್ವರಕ್ಕೆ ಊರಿಗೆ ಊರೇ ಮಲಗಿದಾಗ ಹಾಗೆಯೇ ಕಂತೆ ಕಂತೆ ಹೊರಟವು. ನಮ್ಮ ಮನೆಗೆ ಬಂದದ್ದು ಅವರ ತಿಥಿಯ ದಿನ. ಎಲೆ ಎತ್ತುತ್ತಿದ್ದೆ, ಅಂಚೆಯವನು ಬಂದ. ನಾನು ಪೆದ್ದಿ, ಇಂಗ್ಲಿಷಿನಲ್ಲಿದ್ದುದನ್ನು ಓದಿ ಅತ್ತೆಗೆ ಅರ್ಥವನ್ನೂ ಹೇಳಿಬಿಟ್ಟೆ. ನಿಮ್ಮ ಮಗ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು ಅಂತ ಬರೆದಿದ್ದಾರೆ ಎಂದೆ. ಅತ್ತೆ ಉಳಿದ ಎಲೆಗಳನ್ನು ತಾವೇ ಎತ್ತಿದರು. ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನನ್ ಮಗ ಯೋಳ್ದೆ ಎಲ್ಗೂ ಹೋದೋನಲ್ಲ ಕಣವ್ವ. ಅದ್ನ ತಿದ್ಸು."

ಅವರಿಗೆ ಜ್ವರ ಬಂದ ಮೊದಲ ದಿನವೇ ಹಿಂದಿನ ಬೀದಿಯವರ ಕೈಲಿ ಹೇಳಿಕಳಿಸಿದ್ದೆವು. ಅವರು ಗೇಟಿನವನಿಗೆ ಹೇಳಿದರು, ಗೇಟಿನವನು ಮಾರನೆಯ ದಿನ ತಾನೂ ಮಲಗಿದ. ನಮ್ಮ ಕಡೆಯವರೆಲ್ಲ ಹಾಗೆಯೇ ಹೇಳಿಕಳಿಸುವುದು, ಚೀಟಿ ಯಾರು ಬರೆಯುತ್ತಾರೆ? ಹೇಳಿಕಳಿಸಿದ್ದಕ್ಕೆ ಕಾರ್ಡಿನಲ್ಲಿ ತೂತಿಲ್ಲ.

ಕಾರ್ಖಾನೆಯಲ್ಲಿ ಗಲಾಟೆಯಾದ ಮೇಲೆ ಹೊಸ ಆರ್ಡರು ಬಂತು. ಇನ್ನು ಮೇಲೆ ಒಂದೊಂದು ಕಾಗದವನ್ನೂ ಮನುಷ್ಯರೊಬ್ಬರು ನೋಡಿ ರುಜು ಹಾಕದ ಹೊರತು ಹೊರಗೆ ಹೋಗಕೂಡದು. ಆ ಮನುಷ್ಯರು ನಾನು. ಕನಿಕರಕ್ಕೋ, ಬಾಯಿ ಮುಚ್ಚಿಸುವುದಕ್ಕೋ, ಕೆಲಸವಂತೂ ಕೊಟ್ಟಿದ್ದಾರೆ.

ಆಗಸ್ಟ್ 7, ಬುಧವಾರ

ಯಂತ್ರದ ಕೋಣೆಯ ಯಜಮಾನರು ಸೋಮಲಿಂಗಪ್ಪನವರು, ದಾವಣಗೆರೆ ಕಡೆಯವರು. ಹಣೆಯ ತುಂಬ ವಿಭೂತಿ. ಯಂತ್ರವನ್ನು ಮಗಳನ್ನು ನೋಡುವ ಹಾಗೆ ನೋಡುತ್ತಾರೆ. ತಪ್ಪು ಯಂತ್ರದ್ದಲ್ಲರೀ, ನಾವು ಹಾಕಿದ್ದನ್ನ ತಾನೆ ಅದು ಹೇಳೋದು ಎಂದು ಎರಡು ಸಲ ಹೇಳಿದರು. ನಾನು ಏನೂ ಕೇಳಿರಲಿಲ್ಲ.

ಕೆಲಸ ಹೀಗೆ. ನಾನು ಕಾಗದ ಹಿಡಿದು ನಂಬರು, ಹೆಸರು ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತವರು ಹಾಜರಿ ಪುಸ್ತಕದಲ್ಲಿ ಅದೇ ನಂಬರು, ಅದೇ ಹೆಸರು ಇದೆಯೇ, ರಜೆ ಚೀಟಿ ಇದೆಯೇ ನೋಡಿ ಸರಿ ಅನ್ನಬೇಕು. ರುಜು ಹಾಕುವವರೇ ಓದಬೇಕೆಂದು ಆರ್ಡರಿನಲ್ಲಿದೆ. ಅನುಮಾನ ಬಂದರೆ ಮನೆಗೆ ಆಳು ಕಳಿಸಿ ವಿಚಾರಿಸಬಹುದು. ಎದುರಿಗೆ ಕೂರುವವಳು ಜಲಜಾ, ಕಾರ್ಡಿಗೆ ತೂತು ಹೊಡೆಯುವ ಹುಡುಗಿ. ಹತ್ತೊಂಬತ್ತು ವರ್ಷ, ಮಾತಿನ ಮಲ್ಲಿ.

ನಾಲ್ಕನೆಯ ಕಾಗದಕ್ಕೇ ಸಿಕ್ಕಿಬಿದ್ದೆ. ನಮ್ಮವರ ಹೆಸರಿನವನೇ ಇನ್ನೊಬ್ಬ. ಆ ಹೆಸರಿನವರು ಕಾರ್ಖಾನೆಯಲ್ಲಿ ಹಿಡಿ ಹಿಡಿ ಇದ್ದಾರೆ. ನಂಬರು ಓದಿದೆ, ಹೆಸರಿಗೆ ಬಂದು ನಿಲ್ಲಿಸಿದೆ. ಕಾಗದವನ್ನೇ ಜಲಜಾಳ ಕಡೆಗೆ ತಳ್ಳಿದೆ. ಅವಳು ನೋಡಿದಳು, ನನ್ನ ಮುಖ ನೋಡಿದಳು, ತಾನೇ ಮನಸ್ಸಿನಲ್ಲಿ ಓದಿಕೊಂಡು ಸರಿ ಅಂದಳು. ಒಂದು ಮಾತೂ ಆಡಲಿಲ್ಲ. ಮಾತಿನ ಮಲ್ಲಿ ಅಂದದ್ದನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ.

ಆಗಸ್ಟ್ 16, ಶುಕ್ರವಾರ

ಬೈಸಿಕೊಂಡೆ. ಸೇರಿದ ದಿನದಿಂದ ನಾನು ಒಂದು ಕಾಗದವನ್ನೂ ಹೊರಗೆ ಬಿಟ್ಟಿಲ್ಲ. ಎಲ್ಲದರ ಮೇಲೂ ತಡೆಹಿಡಿಯಿರಿ ಎಂದು ಬರೆದು ಬೀರುವಿನಲ್ಲಿ ಇಟ್ಟಿದ್ದೆ. ಸೋಮಲಿಂಗಪ್ಪನವರು ಬೀರು ತೆಗೆದರೆ ಕಂತೆಗಳು ಅವರ ಕಾಲ ಮೇಲೆ ಬಿದ್ದವು. ಕೂಗಾಡುತ್ತಾರೆ ಎಂದುಕೊಂಡೆ. ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಾನೂ ಕಳಿಸೋದಕ್ಕೆ ಯಂತ್ರ ಸಾಕಿತ್ತರೀ ವಿಮಲಮ್ಮ. ಎಲ್ಲಾನೂ ತಡೆಯೋದಕ್ಕೆ ಬೀರು ಸಾಕು. ನೋಡ್ಲಿ ಅಂತ ನಿಮ್ಮನ್ನ ಕೂಡಿಸಿರೋದು."

ಈ ಆಸಾಮಿಗಳಲ್ಲಿ ಒಬ್ಬ ಬಳ್ಳಾರಿಯ ಕಡೆ ಬೇರೆ ಕೆಲಸಕ್ಕೆ ಸೇರಿ ತಿಂಗಳಾಯಿತಂತೆ, ಅವನ ಜಾಗಕ್ಕೆ ಕಾದಿರುವವನು ದಿನಾ ಗೇಟಿನ ಹತ್ತಿರ ನಿಂತು ಹೋಗುತ್ತಾನಂತೆ. ಅದನ್ನೂ ನೋಡಬೇಕು ಅಂದರು. ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಸಂಜೆ ಆ ಬಳ್ಳಾರಿಯವನ ಕಾಗದದ ಮೇಲೆ ಬರೆದೆ: ನೋಡಿದೆ, ಕಳಿಸಬಹುದು. ಇಂಗ್ಲಿಷಿನಲ್ಲಿ ಬರೆಯಿರಿ ಎಂದರು. ನಾನು ಕನ್ನಡದಲ್ಲೇ ನೋಡುವುದು ಎಂದೆ. ನಕ್ಕು ಹೋದರು.

ಹೊರಡುವಾಗ ಇನ್ನೊಂದು ಹೇಳಿದರು. ನಿಮ್ಮ ಯಜಮಾನರ ಕಾರ್ಡೂ ಇದೆ, ಅದನ್ನೂ ನೀವೇ ಓದಿ ರುಜು ಹಾಕಿಕೊಡಿ, ಹೇಳದೆ ಬಿಟ್ಟವರ ಲೆಕ್ಕದಿಂದ ತೆಗೆದು ತೀರಿಕೊಂಡರು ಅಂತ ಹೊಸ ಕಾರ್ಡು ಹೊಡೆಸಿ ಮನೆಗೆ ಬೇರೆ ಕಾಗದ ಕೊಡ್ತೀನಿ ಅಂದರು. ಇದಕ್ಕೇ ಅಲ್ಲವೇ ನಾನು ಈ ಕೆಲಸಕ್ಕೆ ಒಪ್ಪಿದ್ದು? ನಾಳೆಯೇ ಮಾಡಿಬಿಡಬೇಕು.

ಸೆಪ್ಟೆಂಬರ್ 3, ಮಂಗಳವಾರ

ಅತ್ತೆ ದಿನಾ ಕೇಳುತ್ತಾರೆ. ಕಾಲು ತೊಳೆಯುವುದಕ್ಕೂ ಬಿಡುವುದಿಲ್ಲ, ತಿದ್ದುಸ್ದೇನವ್ವ ಎನ್ನುತ್ತಾರೆ. ಹೋದ ವಾರ ಕೆಲಸ ವಿಪರೀತ ಇತ್ತು. ಶನಿವಾರ ಸೋಮಲಿಂಗಪ್ಪನವರು ರಜಾ. ನಿನ್ನೆ ಮಸಿ ಸರಿಯಿರಲಿಲ್ಲ. ಇವತ್ತು ಮಂಗಳವಾರ, ಅಂಥದ್ದನ್ನು ಮಂಗಳವಾರ ಮಾಡುವುದು ಬೇಡವೆನಿಸಿತು. ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಮುದ್ದೆ ಕಟ್ಟುತ್ತಾ ಕೇಳಿಸಿಕೊಂಡರು. ಎರಡು ಮುದ್ದೆ ಸಾಕಿತ್ತು, ಮೂರು ಕಟ್ಟಿದ್ದರು. ನಾನು ನೋಡಲಿಲ್ಲವೆಂದುಕೊಂಡು ಮೂರನೆಯದನ್ನು ಒಡೆದು ಎರಡಕ್ಕೂ ಸೇರಿಸಿದರು.

ಈ ಮನೆಯಲ್ಲಿ ಅವರ ಹೆಸರನ್ನು ಕೂಗುತ್ತಿದ್ದವರು ಅತ್ತೆ ಒಬ್ಬರೇ. ಸಂಜೆ ಸೈಕಲ್ಲಿನ ಸದ್ದು ಕೇಳಿದರೆ ಒಳಗಿನಿಂದಲೇ ಕೂಗುತ್ತಿದ್ದರು. ಈಗ ಅವರೂ ನನ್ ಮಗ ಅನ್ನುತ್ತಾರೆಯೇ ಹೊರತು ಹೆಸರು ಹಿಡಿಯುವುದಿಲ್ಲ.

ಸೆಪ್ಟೆಂಬರ್ 12, ಗುರುವಾರ

ಈಗ ಕೈ ಕುದುರಿದೆ. ಅನುಮಾನ ಬಂದರೆ ಬೈರಪ್ಪನನ್ನು ಮನೆಗೆ ಕಳಿಸಿ ವಿಚಾರಿಸುತ್ತೇನೆ. ಬೈರಪ್ಪ ನಮ್ಮ ಕೋಣೆಯ ಜವಾನ, ಹೋದ ಮನೆಯಲ್ಲೆಲ್ಲ ಮಜ್ಜಿಗೆ ಕುಡಿದು ಬರುತ್ತಾನೆ. ಒಬ್ಬನ ಮಾತಿಗೆ ನಾನು ಬೇಸ್ತು ಬಿದ್ದೆ. ಅಜ್ಜಿ ಸತ್ತಳೆಂದು ಹೇಳಿಕಳಿಸಿದ್ದೆ ಎಂದು ಅತ್ತ. ತಡೆಹಿಡಿದೆ. ಅವನ ಅಜ್ಜಿ ಹೋದ ವರ್ಷವೂ ಸತ್ತಿದ್ದಳೆಂದು ಜಲಜಾ ಆಮೇಲೆ ಹೇಳಿದಳು. ಇಬ್ಬರೂ ನಕ್ಕೆವು. ನಕ್ಕ ಮೇಲೆ ನನಗೇ ನಾಚಿಕೆಯಾಗಿ ತಲೆ ತಗ್ಗಿಸಿ ಕೂತೆ.

ಕಾಗದ ಜಾಸ್ತಿಯಾಗಿರುವುದರಿಂದ ಒಂದೊಂದರ ಮೇಲೂ ಬರೆಯುವುದು ಬೇಡ, ನೋಡಿದ್ದನ್ನೆಲ್ಲ ಕಂತೆ ಕಟ್ಟಿ ಮೇಲಿನದಕ್ಕೆ ಒಂದು ರುಜು ಹಾಕಿದರೆ ಸಾಕು ಎಂದು ಸೋಮಲಿಂಗಪ್ಪನವರು ಹೇಳಿದ್ದಾರೆ. ಒಳ್ಳೆಯದಾಯಿತು, ಬೆರಳು ನೋಯುತ್ತಿತ್ತು.

ಅಕ್ಟೋಬರ್ 4, ಶುಕ್ರವಾರ

ಆಯುಧಪೂಜೆಗೆ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಅರಿಶಿನ ಕುಂಕುಮ ಇಟ್ಟರು. ಕುಂಕುಮದ ತಟ್ಟೆ ಹೆಂಗಸರ ಕಡೆ ಬಂದಾಗ ನಾನು ಕಾರ್ಡಿನ ಬೀರು ಸರಿಮಾಡುವ ನೆವದಲ್ಲಿ ಆ ಕಡೆ ತಿರುಗಿದೆ. ತಟ್ಟೆ ಮುಂದಕ್ಕೆ ಹೋಯಿತು. ಬದುಕಿರುವ ನನಗಿಲ್ಲದ ಕುಂಕುಮ ಕಬ್ಬಿಣಕ್ಕುಂಟು. ಆದರೂ ಯಂತ್ರದ ಮೇಲೆ ಮೊದಲಿನ ಸಿಟ್ಟಿಲ್ಲ, ಅದಕ್ಕೇನು ಗೊತ್ತು ಪಾಪ. ಜಲಜಾ ಆಮೇಲೆ ಬಂದು ತನ್ನ ಪಾಲಿನ ಕೋಸಂಬರಿಯನ್ನೂ ನನ್ನ ಎಲೆಗೆ ಸುರಿದಳು.

ಅತ್ತೆ ಇವತ್ತು ಕೇಳಲಿಲ್ಲ. ಕೇಳದಿದ್ದದ್ದು ಕೇಳಿದ್ದಕ್ಕಿಂತ ಕಷ್ಟವಾಯಿತು.

ಅಕ್ಟೋಬರ್ 11, ಶುಕ್ರವಾರ

ಜಲಜಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ, ಎರಡು ದಿನ ರಜಾ. ಎದುರಿಗೆ ಹಾಜರಿ ಆಫೀಸಿನ ಗಂಡಸೊಬ್ಬ ಬಂದು ಕೂತಿದ್ದ. ನಮ್ಮವರ ಹೆಸರಿನ ಕಾಗದ ಒಂದು ಬಂತು, ಕೆಂಗೇರಿಯ ವಿಳಾಸ. ಅಪರಿಚಿತನ ಮುಂದೆ ತಳ್ಳುವುದು ಹೇಗೆ? ಸುಮ್ಮನೆ ಕಂತೆಯ ಅಡಿಗೆ ಸೇರಿಸಿದೆ. ಜಲಜಾ ಬರಲಿ, ಅವಳ ಜೊತೆ ನೋಡಿದರಾಯಿತು. ತಲೆನೋವು. ಇಷ್ಟೇ.

ಅಕ್ಟೋಬರ್ 17, ಗುರುವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ಕೆಂಗೇರಿಯಿಂದ ಬರುವ ಕೆಲಸಗಾರನೊಬ್ಬ ಕಿಟಕಿಯ ಹತ್ತಿರ ಬಂದ. ನಮ್ಮೂರಿನವನು ಕಾಲು ಮುರಿದುಕೊಂಡು ಮಲಗಿದ್ದಾನೆ, ಬಾವಿ ತೋಡುವಾಗ ಬಿದ್ದ, ನಾನೇ ಬಂದು ಗೇಟಿನಲ್ಲಿ ಹೇಳಿದ್ದೆ, ಆದರೂ ನಿನ್ನೆ ಅವನ ಮನೆಗೆ ಕೆಲಸ ಹೋಯಿತು ಅಂತ ಕಾಗದ ಬಂದಿದೆ, ಅವನ ಹೆಂಡತಿ ಕೂತಲ್ಲೇ ಕೂತಿದ್ದಾಳೆ ಎಂದ. ಹೆಸರು ಹೇಳಿದ. ಅದೇ ಹೆಸರು.

ಅಡಿಗೆ ಸೇರಿಸಿದ್ದು ಅಡಿಯಲ್ಲೇ ಉಳಿದಿತ್ತು. ಬೈರಪ್ಪ ಎಲ್ಲವನ್ನೂ ಸೇರಿಸಿ ಕಂತೆ ಕಟ್ಟಿದ. ಮೇಲೆ ನನ್ನ ರುಜು ಇತ್ತು. ಹೊರಟುಹೋಯಿತು. ಸೋಮವಾರ ಜಲಜಾ ಮದುವೆಯ ಸುದ್ದಿ ತಂದಳು, ನಾನು ಕೇಳುತ್ತಾ ಕೂತೆ, ಅದರ ನೆನಪೇ ಆಗಲಿಲ್ಲ.

ಯಂತ್ರಕ್ಕೆ ಕಣ್ಣಿಲ್ಲವೆಂದು ನನ್ನನ್ನು ಕೂಡಿಸಿದರು. ಕಣ್ಣಿದ್ದ ನಾನು ಒಂದು ಹೆಸರು ಹೇಳಲಾರದೆ ಇನ್ನೊಬ್ಬಳ ಮನೆಗೆ ಅದೇ ಕಾಗದ ಕಳಿಸಿದೆ.

ಸೋಮಲಿಂಗಪ್ಪನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೆಸರಿನ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವನ ಮನೆಗೆ ಹೋಗಿ ನೋಡಿ ಬನ್ನಿ, ಸೋಮವಾರ ಅವನ ಕಾಗದವನ್ನು ಕ್ರಮಪ್ರಕಾರ ಓದಿ ರದ್ದು ಮಾಡಿ, ನೀವೇ ಓದಬೇಕು ಅಂದರು. ನೀವೇ ಎಂಬ ಮಾತನ್ನು ಮೆತ್ತಗೆ ಹೇಳಿದರು.

ಅಕ್ಟೋಬರ್ 20, ಭಾನುವಾರ

ಕೆಂಗೇರಿಗೆ ಹೋಗಿ ಬಂದೆವು. ಹೋಗಿ ಬಂದೆ ಎಂದು ಬರೆಯಬೇಕೆಂದಿದ್ದೆ, ಆದರೆ ಅತ್ತೆ ಬಿಡಲಿಲ್ಲ. ಒಬ್ಬಳೇ ಹೆಂಗ್ ಹೋಗ್ತೀಯ ಎಂದು ಮನೆಯಲ್ಲಿ ಕಾಯಿಸಿದ್ದ ತುಪ್ಪದಲ್ಲಿ ಒಂದು ಕುಡಿಕೆ ಹಿಡಿದು ಹೊರಟರು. ರೈಲಿನಲ್ಲಿ ಕಿಟಕಿಯ ಹತ್ತಿರ ಕೂತು ರಾಗಿ ಹೊಲಗಳನ್ನೆಲ್ಲ ನೋಡಿ ಪೈರು ಹೇಗಿದೆಯೆಂದು ಬೆಲೆ ಕಟ್ಟುತ್ತಾ ಬಂದರು.

ಮನೆ ಊರೊಳಗೆ, ಕೆರೆಯ ಕಡೆಗೆ. ಹೆಂಡತಿಯ ಹೆಸರು ಲಕ್ಷ್ಮಿದೇವಮ್ಮ, ನನ್ನದೇ ವಯಸ್ಸು. ನಾನು ಕಾರ್ಖಾನೆಯವಳೆಂದು ಗೊತ್ತಾದ ಕೂಡಲೇ ಬಾಗಿಲಿಗೆ ಅಡ್ಡ ನಿಂತಳು. ಇನ್ನೇನ್ ತಗಂಡ್ ಹೋಗಕ್ ಬಂದ್ರಿ ಎಂದಳು. ಕೇಳಬೇಕಾದ ಮಾತೇ. ಕಾಗದ ತಪ್ಪಾಗಿ ಬಂದಿದೆ, ವಾಪಸು ಕೊಡಿ, ಕೆಲಸ ಹೋಗಿಲ್ಲ ಎಂದೆ. ನಂಬಲಿಲ್ಲ. ಯಾರ ತಪ್ಪು ಎಂದು ಕೇಳಿದಳು. ನನ್ನದು ಎಂದೆ.

ಹೇಗಾಯಿತೆಂದು ಹೇಳಬೇಕಾಯಿತು. ನಿಮ್ಮೆಜಮಾನರದ್ದೂ ನಮ್ಮವರದ್ದೂ ಒಂದೇ ಹೆಸರು, ಅದನ್ನು ಓದಲಾರದೆ ಕೆಳಗಿಟ್ಟೆ ಎಂದೆ. ಲಕ್ಷ್ಮಿದೇವಮ್ಮ ನನ್ನ ಬರಿ ಹಣೆ ನೋಡಿದಳು, ಕೈ ನೋಡಿದಳು. ಬಾಗಿಲು ಬಿಟ್ಟು ಸರಿದಳು. ನೀರು ತಂದು ಕೊಟ್ಟು, ನಾನೂ ಅಷ್ಟೇ ಕಣಕ್ಕ, ಆಸ್ಪತ್ರೇಲಿ ಹೆಸ್ರು ಕೇಳಿದ್ರೆ ನಮ್ ಭಾವನ್ನ ಕರ್ಕಂಡ್ ಬಂದು ಹೇಳ್ಸುದ್ನಲ್ಲ ಎಂದಳು. ಗಂಡ ಕಾಲಿಗೆ ಕಟ್ಟು ಹಾಕಿಸಿಕೊಂಡು ನಡುಮನೆಯಲ್ಲಿ ಮಲಗಿದ್ದ. ಹೊಟ್ಟೆ ಬಿರಿಯೆ ನಕ್ಕ. ಇವ್ರಿಬ್ರೂ ಸೇರಿ ನನ್ನ ಮುಗಿಸಿದ್ರು ಅಂದ. ಮೂವರೂ ನಕ್ಕೆವು.

ಅತ್ತೆ ನಗಲಿಲ್ಲ. ಅವನ ಪಕ್ಕ ಹೋಗಿ ಕೂತರು. ತುಪ್ಪದ ಕುಡಿಕೆಯನ್ನು ಅವನ ತಲೆದೆಸೆಯಲ್ಲಿ ಇಟ್ಟರು. ಕಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ ಅವನ ಹೆಸರು ಹಿಡಿದು, ನೋವೈತೇನಪ್ಪ ಎಂದು ಕೇಳಿದರು. ಒಂದು ಸಲ ಅಲ್ಲ, ಮಾತುಮಾತಿಗೂ ಹೆಸರು ಹಿಡಿದರು. ತುಪ್ಪ ತಿನ್ನಪ್ಪ, ಮೂಳೆ ಕೂಡ್ಕತದೆ, ಅವಸರ ಮಾಡ್ಬ್ಯಾಡ. ಅವನು ಹೂಂ ಅವ್ವ, ಹೂಂ ಅವ್ವ ಅನ್ನುತ್ತಿದ್ದ. ಜೂನ್ ತಿಂಗಳಿಂದ ಆ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ನಿಂತೆ. ಲಕ್ಷ್ಮಿದೇವಮ್ಮ ಬಂದು ಪಕ್ಕದಲ್ಲಿ ನಿಂತಳು.

ವಾಪಸು ಬರುವಾಗ ರೈಲಿನಲ್ಲಿ ಅತ್ತೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ಸ್ಟೇಷನ್ನು ಬಂದರೂ ಎಬ್ಬಿಸಲು ಮನಸ್ಸಾಗಲಿಲ್ಲ.

ಅಕ್ಟೋಬರ್ 21, ಸೋಮವಾರ

ಓದಿದೆ. ನಂಬರು ಓದಿದೆ, ಹೆಸರೂ ಓದಿದೆ. ಮೊದಲ ಸಲ ಗಾಳಿಯಷ್ಟೇ ಬಂತು. ಜಲಜಾ ಕೇಳಿಸಲಿಲ್ಲ ಎಂದಳು, ಬೇಕೆಂದೇ ಅಂದಳೋ ಏನೋ. ಎರಡನೆಯ ಸಲ ಯಂತ್ರದ ಸದ್ದನ್ನೂ ಮೀರಿ ಕೇಳುವ ಹಾಗೆ ಓದಿದೆ. ಆ ಕಡೆ ಕೂತಿದ್ದವರು ತಿರುಗಿ ನೋಡಿದರು. ನೋಡಲಿ. ಕಾಲು ಮುರಿದವನ ಕೆಲಸ ಉಳಿಯಿತು.

ಕಂತೆಗೆ ಒಂದೇ ರುಜು ಹಾಕುವುದನ್ನು ನಿಲ್ಲಿಸಬೇಕೆಂದು ಸೋಮಲಿಂಗಪ್ಪನವರಿಗೆ ಹೇಳಿದೆ. ಬೆರಳು ನೋಯುತ್ತೆ ಅಂತಿದ್ದಿರಲ್ಲರೀ ಎಂದರು. ನೋಯಲಿ ಎಂದೆ. ಇನ್ನೊಂದೂ ಕೇಳಿದೆ. ಗೇಟಿನಲ್ಲಿ ಬಾಯಲ್ಲಿ ಹೇಳಿದ್ದನ್ನು ಕಾವಲಿನವನು ಅಲ್ಲೇ ಬರೆದು ಕೊಡಬೇಕು, ಕಾರ್ಡಿನಲ್ಲಿ ಅದಕ್ಕೊಂದು ತೂತು ಬೇಕು. ಅವರು ಬಹಳ ಹೊತ್ತು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಯ ಸಾಲಿನಲ್ಲಿ ಜಾಗ ಇದೆ ಅಂದರು. ಮಗಳಿಗೆ ಕಿವಿ ಚುಚ್ಚಿಸುವವರ ಮುಖ ಮಾಡಿದ್ದರು.

ಅಕ್ಟೋಬರ್ 26, ಶನಿವಾರ

ದೀಪಾವಳಿ ಕಳೆಯಿತು. ನಮ್ಮ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ, ಜಗಲಿಯ ಮೇಲೆ ಅತ್ತೆ ಒಂದೇ ಒಂದು ದೀಪ ಇಟ್ಟಿದ್ದರು.

ಇವತ್ತು ಬೆಳಗ್ಗೆ ನಾನೇ ನಮ್ಮವರ ಕಾರ್ಡು ಕೇಳಿ ತೆಗೆಸಿದೆ. ಮಂಗಳವಾರವಲ್ಲ, ಮಸಿಯೂ ಚೆನ್ನಾಗಿತ್ತು. ಜಲಜಾ ಪುಸ್ತಕ ತೆರೆದಳು. ಆರುನೂರ ಹದಿನಾಲ್ಕು ಎಂದೆ, ಹೆಸರು ಓದಿದೆ. ಸರಿ ಎಂದಳು, ಪುಸ್ತಕದಿಂದ ತಲೆ ಎತ್ತಲಿಲ್ಲ. ಹೇಳದೆ ಬಿಟ್ಟವರು ಎಂಬ ಹಳೆಯ ಕಾರ್ಡನ್ನು ಸೋಮಲಿಂಗಪ್ಪನವರೇ ಹರಿದರು, ಹೊಸದನ್ನು ಜಲಜಾ ಹೊಡೆದಳು. ಅದರ ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದೆ. ಯಾರೂ ಅವಸರ ಮಾಡಲಿಲ್ಲ. ರುಜು ಹಾಕಿದೆ.

ಮನೆಗೆ ಕೊಡುವ ಕಾಗದ ಇಂಗ್ಲಿಷಿನಲ್ಲಿ ಬೇಡವೆಂದೆ. ಯಂತ್ರಕ್ಕೆ ಕನ್ನಡ ಬಾರದು. ಹಾಗಾದರೆ ನೀವೇ ಬರೆಯಿರಿ, ನಾನು ರುಜು ಹಾಕ್ತೀನಿ ಎಂದರು ಸೋಮಲಿಂಗಪ್ಪನವರು. ಬರೆದೆ. ಕೆಳಗೆ ಮೊಹರು ಒತ್ತಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡು ಬಂದೆ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ಕಾಗದ ತೆಗೆದೆ. ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡರು. ಓದಿದೆ:

"ಕುರುಬರಹಳ್ಳಿಯ ಹನುಮಕ್ಕನವರಿಗೆ. ನಿಮ್ಮ ಮಗ ಮರಿಯಪ್ಪನವರು ಕಾಯಿಲೆಯೆಂದು ಮೊದಲೇ ಹೇಳಿಕಳಿಸಿದ್ದರು. ಹೇಳದೆ ಹೋದವರಲ್ಲ. ಅದೇ ಕಾಯಿಲೆಯಲ್ಲಿ ತೀರಿಕೊಂಡರು. ಮೊದಲು ಬಂದ ಕಾಗದ ತಪ್ಪು."

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಂಬತ್ತು ವರ್ಷ ಈ ಮನೆಯಲ್ಲಿದ್ದೇನೆ, ಆ ಹೆಸರನ್ನು ನನ್ನ ಬಾಯಲ್ಲಿ ಅವರು ಕೇಳಿದ್ದು ಇವತ್ತೇ. ತಪ್ಪಾಯಿತೇನೋ, ಬೈಯುತ್ತಾರೇನೋ ಎಂದು ಕಾಗದ ಮಡಿಸಲು ಹೋದೆ. ನನ್ನ ಕೈ ಹಿಡಿದುಕೊಂಡರು.

"ಇನ್ನೊಂದ್ ಸಲ ಓದವ್ವ."

ಓದಿದೆ.